ಈ ಬೆಟ್ಟದ ಫೋಟೋ ನನ್ನದು

ನಾನೇ ತೆಗೆದ ಫೋಟೋವನ್ನು ನನಗೇ ತೋರಿಸಿ, "ನೀವೂ ಇಂಗೆ ತೆಗೆಯದು ಕಲೀರಿ ಮೇಷ್ಟ್ರೇ" ಎಂದು ಯಾರಾದರೂ ಅಂದರೆ ನೀವು ಏನು ಮಾಡುತ್ತೀರೋ ಗೊತ್ತಿಲ್ಲ. ನಾನು ಕುಡಿಯುತ್ತಿದ್ದ ಟೀಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡೆ.

ಹಾಗೆ ಅಂದವರು ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು ರಂಗಪ್ಪನವರು. ಅವರ ಮೊಬೈಲಿನಲ್ಲಿ ಮಿಡಿಗೇಶಿ ಬೆಟ್ಟವಿತ್ತು. ಚಾರಣಕ್ಕೆ ಜನರನ್ನು ಕರೆದೊಯ್ಯುವ ಯಾವುದೋ ಕಂಪನಿಯ ವೆಬ್‌ಸೈಟಿನಲ್ಲಿ, "ನಸುಕಿನಲ್ಲಿ ನಮ್ಮ ತಂಡ ಸೆರೆಹಿಡಿದ ದೃಶ್ಯ" ಎಂಬ ಒಕ್ಕಣೆಯೊಂದಿಗೆ ನನ್ನ ಫೋಟೋ ಜಂಬವಾಗಿ ಕೂತಿತ್ತು.

ನಾನು ಮಧುಗಿರಿಯಲ್ಲಿ ಸಮಾಜ ಪಾಠ ಹೇಳುವವನು. ಭಾನುವಾರ ಬಂತೆಂದರೆ ಹೆಂಡತಿ ಸುಶೀಲಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೊರಟಗೆರೆ, ಶಿರಾ, ಪಾವಗಡ ಎಂದು ಸುತ್ತಿ, ಕೋಟೆ ಕೆರೆಗಳ ಫೋಟೋ ತೆಗೆದು, ನಾಲ್ಕು ಮಾತು ಬರೆದು ನನ್ನ ವೆಬ್‌ಸೈಟಿಗೆ ಹಾಕುವುದು ನನ್ನ ಚಟ. ಅದನ್ನು ನೋಡುವವರು ನಾನು, ನನ್ನ ಭಾವಮೈದ ಮತ್ತು ಪ್ರಾಜೆಕ್ಟ್ ಬರೆಯುವ ಸ್ಕೂಲು ಮಕ್ಕಳು. ಇಂಥ ಬಡ ಮನೆಗೂ ಕನ್ನ ಹಾಕುತ್ತಾರೆಂದು ತಿಳಿದಾಗ ಸಿಟ್ಟಿನ ಪಕ್ಕದಲ್ಲೇ ಸಣ್ಣ ಹೆಮ್ಮೆಯೂ ತಲೆಯೆತ್ತಿತು. ನಿಮ್ಮ ಹತ್ತಿರ ಮುಚ್ಚಿಡುವುದೇಕೆ?

ನಮ್ಮ ಹಿಂದಿನವರು ಈ ವಿಷಯದಲ್ಲಿ ಜಾಣರು. ವಚನವಾಗಲಿ ಕೀರ್ತನೆಯಾಗಲಿ, ಕೊನೆಗೊಂದು ಅಂಕಿತ ಇಟ್ಟುಬಿಡುತ್ತಿದ್ದರು. ಅದನ್ನು ಕಿತ್ತರೆ ಸಾಲೇ ಕುಂಟಬೇಕು. ಶಾಸನ ಬರೆಸಿದವರಂತೂ ಅಳಿಸಿದವನು ಹುಳುವಾಗಿ ಹುಟ್ಟಲಿ ಎಂದು ಕಲ್ಲಿನಲ್ಲೇ ಶಾಪ ಕೊರೆಸುತ್ತಿದ್ದರು. ಶಾಪ ಹಾಕುವಷ್ಟು ತಪಸ್ಸು ನನ್ನದಲ್ಲ. ಅಂಕಿತವನ್ನೇ ನಂಬಿ, ಎಲ್ಲ ಫೋಟೋಗಳ ಮೇಲೂ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಅಡ್ಡಡ್ಡ ಕೂರಿಸಿದೆ. ಸುಶೀಲ ನೋಡಿದಳು.

"ಬೆಟ್ಟದ ಮ್ಯಾಲೆ ಸಿಮೆಂಟ್ ಜಾಹೀರಾತು ಬರ್ದಂಗೈತೆ ಕಣ್ರಿ."

ಅಳಿಸಿದೆ. ಧೈರ್ಯ ಮಾಡಿ ಆ ಕಂಪನಿಗೇ ಫೋನು ಮಾಡಿದೆ. ಎತ್ತಿದ ಹುಡುಗ ವಿನಯವಾಗಿಯೇ ಮಾತಾಡಿದ. "ಇಂಟರ್ನೆಟ್‌ನಲ್ಲಿ ಸಿಕ್ತು ಸಾರ್. ನಿಮ್ದೇ ಅನ್ನೋದಕ್ಕೆ ಪ್ರೂಫ್ ಏನಾದ್ರೂ ಇದ್ಯಾ?"

ಜಗಳಕ್ಕೆ ಸಿದ್ಧನಾಗಿದ್ದ ನಾನು ಆ ವಿನಯಕ್ಕೆ ಕಂಗೆಟ್ಟೆ. ಬೆಟ್ಟ ಎಲ್ಲರದ್ದು, ಬಿಸಿಲು ಎಲ್ಲರದ್ದು. ನಡುವೆ ನಾನು ಗುಂಡಿ ಒತ್ತಿದ ಒಂದು ಕ್ಷಣ ಮಾತ್ರ ನನ್ನದು. ಅದಕ್ಕೆ ಸಾಕ್ಷಿ ಎಲ್ಲಿಂದ ತರಲಿ?

ಶಿರಾದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ನಯಾಜ್‌ನನ್ನು ಕೇಳಿದೆ.

"ಅರೇ ಸಾರ್, ವೆಬ್‌ಸೈಟಿಗೆ ಎಂಥಾ ಬೀಗ ಹಾಕಿದ್ರೂ ಸ್ಕ್ರೀನ್‌ಶಾಟ್ ಹೊಡೀತಾರೆ, ಬುಡಿ. ನೀವು ಹಾಕಿರೋದು ಅಂಚು ಕತ್ತರಿಸಿದ ಫೋಟೋ ತಾನೆ? ಕ್ಯಾಮೆರಾದಿಂದ ಬಂದ ಪೂರಾ ಫೋಟೋ ಇದ್ಯಾ? ತೆಗೆದ ದಿನ, ಹೊತ್ತು ಎಲ್ಲಾ ಅದರೊಳಗೇ ಇರುತ್ತೆ. ಅದು ನಿಮ್ಮ ಹತ್ರ ಬಿಟ್ಟು ಇನ್ಯಾರ ಹತ್ರಾನೂ ಇರಲ್ಲ. ಅದೇ ಸಬೂತು."

ಪೂರಾ ಫೋಟೋ ಇತ್ತು. ಆದರೆ ಅದರ ಎಡ ಅಂಚಿನಲ್ಲಿ ಸುಶೀಲ ಇದ್ದಳು. ಅವತ್ತು ಬಂಡೆ ಹತ್ತುವಾಗ ಅವಳ ಚಪ್ಪಲಿ ಕಿತ್ತುಹೋಗಿತ್ತು. ನಡುಮಧ್ಯಾಹ್ನ, ಕಾದ ಬಂಡೆ. ಒಂದು ಕೈಯಲ್ಲಿ ಚಪ್ಪಲಿ, ಕೆದರಿದ ಕೂದಲು, ಕ್ಯಾಮೆರಾವನ್ನೇ ಸುಡುವಂಥ ನೋಟ. "ನನ್ನ ಕತ್ತರಿಸಿ ಹಾಕಿ, ಇಲ್ದಿದ್ರೆ ನೋಡಿ" ಎಂದು ಅವಳೇ ಆಜ್ಞೆ ಮಾಡಿದ್ದಳು.

"ಆ ಫೋಟೋನಾ? ನಾಕು ಜನ ನೋಡೋದು ಬ್ಯಾಡ್ವಾ? ಕಳಿಸ್ಬ್ಯಾಡಿ," ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ನಾನು ಆ ಆಸೆ ಬಿಟ್ಟೆ. ಬೆಟ್ಟ ಹೋದರೆ ಇನ್ನೊಂದು ಬೆಟ್ಟ ಸಿಕ್ಕೀತು.

ಸಂಜೆ ಅವಳೇ ಬಂದು, ಕಂಪನಿಯವರು ಹಾಕಿಕೊಂಡಿದ್ದನ್ನು ತೋರಿಸಿ ಅಂದಳು. ತೋರಿಸಿದೆ. ಕೆಳಗಿನ ಒಕ್ಕಣೆಯನ್ನು ಒಂದೊಂದೇ ಅಕ್ಷರ ಕೂಡಿಸುವಂತೆ ಓದಿದವಳ ಮುಖ ಕೆಂಪಾಯಿತು.

"ನಸುಕಿನಲ್ಲಾ? ಇವ್ರ ತಂಡವಾ? ಚಪ್ಲಿ ಕಿತ್ತೋದದ್ದು ನಂದು, ಬರಿಗಾಲಲ್ಲಿ ಸುಟ್ಕಂಡು ಹತ್ತಿದ್ದು ನಾನು! ಕಳಿಸ್ರಿ ಪೂರ್ತಿ ಫೋಟೋನ!"

ಕಳಿಸಿದೆ. ಸ್ವಲ್ಪ ಹೊತ್ತಿಗೆ ಆ ಹುಡುಗನ ಫೋನು ಬಂತು. "ತಪ್ಪಾಯ್ತು ಸಾರ್. ಬೇಕಂದ್ರೆ ತೆಗೀತೀನಿ, ಇಲ್ಲಾಂದ್ರೆ ಈಗ್ಲೇ ನಿಮ್ಮ ಹೆಸರು ಹಾಕ್ತೀನಿ. ಮೇಡಂ ಚಪ್ಪಲಿ ಹಿಡ್ಕೊಂಡು ನನ್ನೇ ನೋಡ್ತಿರೋ ಹಂಗಿದೆ."

ಸುಶೀಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಫೋಟೋ ಇರಲಿ, ಕೆಳಗೆ ಇಬ್ಬರ ಹೆಸರೂ ಹಾಕಿ ಎಂದೆ. ಹಾಕಿದ.

ಅವತ್ತು ನಾವಿಬ್ಬರೂ ಕೂತು ಹಳೆಯ ಫೋಟೋಗಳನ್ನೆಲ್ಲ ಪೂರ್ತಿಯಾಗಿ ನೋಡಿದೆವು. ಕೊಳಾಲದ ಹೊಲದಂಚಿನಲ್ಲಿ ನೀರಿನ ಬಾಟಲಿ ಹಿಡಿದು ಅವಳು, ಶಿರಾ ಕೋಟೆಯ ಬಾಗಿಲಲ್ಲಿ ಸೌತೆಕಾಯಿ ಕಚ್ಚುತ್ತ ಅವಳು, ವೈ.ಎನ್.ಹೊಸಕೋಟೆಯ ರಸ್ತೆಯಲ್ಲಿ ಸ್ಕೂಟರಿಗೆ ಒರಗಿ ಆಕಳಿಸುತ್ತ ಅವಳು. ನಾನು ಬೆಟ್ಟ ನೋಡುತ್ತಿದ್ದಷ್ಟು ಕಾಲವೂ ಅವಳು ನನ್ನನ್ನು ಕಾಯುತ್ತಿದ್ದಳು. ಆ ನಾಚಿಕೆಯನ್ನು ಮರೆಸಲು ತಮಾಷೆ ಮಾಡಿದೆ. "ಇನ್ನುಮುಂದೆ ಕತ್ತರಿಸದೇ ಹಾಕ್ತೀನಿ. ಆಗ ಯಾರೂ ಕದಿಯಲ್ಲ."

"ಅಂದ್ರೆ ನಾನೇನು ದೃಷ್ಟಿಬೊಂಬೆನಾ?"

ಮುಂದಿನ ಭಾನುವಾರ ಪಾವಗಡದ ಬೆಟ್ಟಕ್ಕೆ ಹೋದೆವು. ನಾನು ಕ್ಯಾಮೆರಾ ಎತ್ತುವುದರೊಳಗೆ ಸುಶೀಲ ಅಂಚು ಬಿಟ್ಟು ನಟ್ಟನಡುವೆ ಬಂದು ನಿಂತು, ತಲೆ ಸವರಿಕೊಂಡು ಹೇಳಿದಳು:

"ಬೆಟ್ಟ ಒಂಚೂರು ಕಮ್ಮಿ ಬಂದ್ರೂ ಪರವಾಗಿಲ್ಲ ಕಣ್ರಿ. ನಾನು ಪೂರ್ತಿ ಬರ್ಬೇಕು."