ಬಣ್ಣದ ಕೆಳಗಿನ ಕಬ್ಬಿಣ

ಮೊನ್ನೆ ಕಪನೂರಿನ ಗ್ಯಾರೇಜಿನಲ್ಲಿ ಗಾಡಿ ರಿಪೇರಿಗೆ ಬಿಟ್ಟು ಕುಳಿತಿದ್ದೆ. ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ಹಾಕಿ ಚೂರಿಯಿಂದ ಎಲ್ಲೋ ಬಣ್ಣ ಕೆರೆಯುತ್ತಿದ್ದ. ಕೆರೆದ ಬಣ್ಣದ ವಾಸನೆ, ಜೊತೆಗೆ ಬ್ಯಾಟರಿಯ ಹುಳಿ ಘಾಟು... ಎಷ್ಟೋ ವರ್ಷಗಳ ಮೇಲೆ ಚಾಚಾ ನೆನಪಾದರು.

ಅವರು ನಮ್ಮೂರ ಮೋಮಿನಪುರ ಓಣಿಯವರು, ಗಾಡಿಗಳ ವಯರಿಂಗ್ ಮಿಸ್ತ್ರಿ. ಅಪ್ಪ ‘ಮಿಸ್ತ್ರಿ’ ಎನ್ನುತ್ತಿದ್ದರು, ನಾನು ‘ಚಾಚಾ’ ಎನ್ನುತ್ತಿದ್ದೆ. ಊರ ಧಾನ್ಯದ ಪೇಟೆಯಾದ ಗಂಜ್‌ನಲ್ಲಿ ನಮ್ಮದು ತೊಗರಿ ವ್ಯಾಪಾರ. ಜಹಗೀರದಾರರೊಬ್ಬರ ಹಳೆಯ ಕಾರನ್ನು ಅಪ್ಪ ಕೊಂಡಿದ್ದರು, ಓಡಿಸುವವನು ನಾನು. ಅದರ ಕಡು ಹಸಿರು ಬಣ್ಣ ನೋಡಿಯೇ ಊರ ಜನ ಅದು ಯಾರ ಗಾಡಿಯೆಂದು ಹೇಳುತ್ತಿದ್ದರು.

ಪೊಲೀಸ್ ಆಕ್ಷನ್ ಆಗಿ ಹೈದರಾಬಾದಿನ ನವಾಬರ ಆಳ್ವಿಕೆ ಮುಗಿದ ಮೇಲೆ, ಜಹಗೀರದಾರರ ಗುರುತಾದ ಅದೇ ಬಣ್ಣ ಅಪ್ಪನ ನಿದ್ದೆ ಕೆಡಿಸಿತು. ಗೋಡೆಗೆ ಬಣ್ಣ ಬಳಿಯುವವನೊಬ್ಬನನ್ನು ಕರೆಸಿ, ‘ಎಲ್ಲೀನೂ ಒಂದು ಹನಿ ಹಸ್ರು ಕಾಣಬಾರ್ದು ನೋಡು’ ಎಂದರು. ಆ ಪುಣ್ಯಾತ್ಮ ಮಾತಿಗೆ ತಪ್ಪಲಿಲ್ಲ. ಹೊರಗೆ, ಒಳಗೆ, ಬಾನೆಟ್ಟಿನ ಕೆಳಗೆ, ಎಲ್ಲ ಕಡೆ ಬೂದಿ ಬಣ್ಣ ಬಳಿದ. ಅಲ್ಲಿಂದ ಗಾಡಿ ಮುಷ್ಕರ ಹೂಡಿತು. ಸ್ಟಾರ್ಟರ್ ಗುಂಡಿ ಒತ್ತಿದರೆ ಟಕ್ ಎನ್ನುವುದು, ಅಷ್ಟೇ. ಹಾರ್ನ್ ಒತ್ತಿದರೆ ದೀಪಗಳು ಮಂಕಾಗುವುವು. ಹೊಸ ಬ್ಯಾಟರಿ ಹಾಕಿಸಿದೆವು, ಅದೇ ರಾಗ ಅದೇ ಹಾಡು.

ಗಾಡಿ ಹಾಗೆ ನಿಂತಿರುವಾಗ ಒಂದು ಬೆಳಿಗ್ಗೆ ಚಾಚಾ ತಾವಾಗಿಯೇ ಬಂದರು. ಮುಸಲ್ಮಾನರ ಮೇಲೆ ಕೈಮಾಡುವ ಗದ್ದಲ ಶುರುವಾದಾಗಿನಿಂದ ಅವರು ತಮ್ಮ ಓಣಿ ದಾಟಿರಲಿಲ್ಲ. ಅವರ ಮಗಳನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ಗದ್ದಲದಲ್ಲಿ ಎತ್ತಲೋ ಹೋದ ಅಳಿಯ ತಿರುಗಿ ಬಂದಿರಲಿಲ್ಲ. ಮಗಳು ಪಕ್ಕದ ಮನೆಯ ಮುದುಕಿಯ ಹತ್ತಿರ ಉಳಿದಿದ್ದಾಳೆ, ಬಂದು ಕರಕೊಂಡು ಹೋಗಿ ಎಂದು ಸುದ್ದಿ ಬಂದಿತ್ತು.

‘ಆ ದಾರಿಮ್ಯಾಲ ಒಬ್ನೇ ಹೋಗಾಕ ಧೈರ್ಯ ಸಾಲವಲ್ದ್ರಿ ಸಾವಕಾರ್ರ. ನಿಮ್ಮ ಗಾಡಿ ಇದ್ರ...’

‘ಗಾಡಿ ಹೆಣಾ ಆಗಿ ಬಿದ್ದದ ಮಿಸ್ತ್ರಿ. ಎಬ್ಬಿಸ್ರಿ, ಈಗಿಂದೀಗ ಹೋಗೂಣು.’

ಮಗಳು ಕಾಯುತ್ತಿದ್ದಾಳೆಂದು ಗೊತ್ತಿದ್ದೂ ಆ ಮನುಷ್ಯ ಅವಸರ ಮಾಡಲಿಲ್ಲ. ನನಗೇ ಕಾಲು ನಿಲ್ಲುತ್ತಿರಲಿಲ್ಲ. ಚೀಲದಿಂದ ಎರಡು ವಯರು ಕಟ್ಟಿದ ಸಣ್ಣ ಬಲ್ಬು ತೆಗೆದರು. ಬ್ಯಾಟರಿಯ ಎರಡೂ ತುದಿಗೆ ಹಿಡಿದರೆ ಬಲ್ಬು ಝಗ್ಗೆಂದು ಹೊತ್ತಿತು. ಒಂದು ವಯರನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಇಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿದರೆ ಮಿಣುಕು. ಚಾಚಾ ನಕ್ಕರು. ಬ್ಯಾಟರಿಯ ಒಂದು ಪಟ್ಟಿ ಗಾಡಿಯ ಕಬ್ಬಿಣಕ್ಕೆ ನೇರವಾಗಿ ಕೂಡಬೇಕು. ನಮ್ಮ ಬಣ್ಣದವನು ಆ ಪಟ್ಟಿ ಹಿಡಿದ ಬೋಲ್ಟನ್ನೂ ಬಿಚ್ಚಿ, ಕೆಳಗೆ ದಪ್ಪಗೆ ಬಳಿದು, ಮತ್ತೆ ಬಿಗಿದಿದ್ದ!

‘ಬಣ್ಣದಾಗ ಕರೆಂಟ್ ಹಾಯಂಗಿಲ್ರಿ’ ಎಂದು ಚಾಚಾ ಕೆರೆಯತೊಡಗಿದರು. ಬೂದಿ ಬಣ್ಣ ಉದುರಿತು. ಒಮ್ಮೆಲೇ ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದರು.

‘ಹಸ್ರು ಕಾಣಸಾಕತ್ತದ್ರಿ... ಕೆರೀಲೇನ್ರಿ?’

ಆ ದನಿ ನನಗೆ ಇಂದಿಗೂ ಸಂಕಟ ತರುತ್ತದೆ. ಇಡೀ ಊರಿನ ಗಾಡಿಗಳನ್ನು ಬಿಚ್ಚಿ ಕಟ್ಟಿದ ಮನುಷ್ಯ, ಒಂದಿಷ್ಟು ಹಸಿರು ಹೊರಬಿತ್ತೆಂದು ಹೆದರಿ ಕೇಳುತ್ತಿದ್ದರು. ಅಪ್ಪ ರಸ್ತೆಯ ಕಡೆಗೊಮ್ಮೆ ನೋಡಿದರು.

‘ಕೆರೀರಿ ಮಿಸ್ತ್ರಿ. ಕಬ್ಬಿಣ ಕಾಣೂತನಕ ಕೆರೀರಿ.’

ಪಟ್ಟಿ ಕೂಡಿಸಿ ಗುಂಡಿ ಒತ್ತಿದಾಗ ಗಾಡಿ ಒಂದೇ ಸಲಕ್ಕೆ ಎದ್ದಿತು. ಹಾಗೇ ಕಮಲಾಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಚಾಚಾ ಹಿಂದಿನ ಸೀಟಿನಲ್ಲಿ ಹೊರಗಿನವರಿಗೆ ಕಾಣದ ಹಾಗೆ ತಲೆ ತಗ್ಗಿಸಿ ಕುಳಿತಿದ್ದರು. ಮುದುಕಿಯ ಮನೆಯ ಮುಂದೆ ಗಾಡಿ ನಿಂತಾಗ ಮಗಳು ಓಡಿ ಬರಲಿಲ್ಲ; ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಳು. ಚಾಚಾ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು.

‘ಸೊರಗ್ಯಾಳ ಅನಬ್ಯಾಡ ಮತ್ತ. ದಿನಾ ಬೈದು ಬೈದು ರೊಟ್ಟಿ ತಿನಿಸೀನಿ’ ಎಂದು ಮುದುಕಿ ಗದರಿದಳು. ಹೊರಡುವಾಗ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಆ ಹುಡುಗಿಯ ಮಡಿಲಿಗೆ ಹಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ನು ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ... ಕೆಲವು ವಾರಗಳ ಮೇಲೆ ಚಾಚಾ ಮತ್ತೆ ಬಂದರು. ಹೈದರಾಬಾದಿಗೆ ಹೊರಟಿದ್ದರು. ಇಲ್ಲೇ ಇರಿ ಎಂದು ಅಪ್ಪ ಎಷ್ಟು ಹೇಳಿದರೂ, ‘ಮಗಳು ಇಲ್ಲಿ ನಿದ್ದಿನೇ ಮಾಡವಲ್ಲಳ್ರಿ’ ಎಂದಷ್ಟೇ ಅಂದರು. ಅವರನ್ನು ಸ್ಟೇಷನ್ನಿಗೆ ಬಿಟ್ಟು ಬಂದವನು ನಾನೇ. ಇಳಿಯುವ ಮೊದಲು ಬಾನೆಟ್ಟು ತೆಗೆಸಿ ಆ ಬೋಲ್ಟನ್ನು ಇನ್ನೊಮ್ಮೆ ಬಿಗಿದರು. ‘ಇಲ್ಲಿ ಬಣ್ಣಾ ಹಚ್ಚಾಕ ಬಿಡಬ್ಯಾಡಪ್ಪ’ ಎಂದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಆ ಗಾಡಿ ಇದ್ದಷ್ಟು ದಿನವೂ ನಾವು ಅಲ್ಲಿ ಬಣ್ಣ ಹಚ್ಚಿಸಲಿಲ್ಲ. ಬೋಲ್ಟಿನ ಸುತ್ತ ಹಸಿರಿನದೊಂದು ಬಳೆ ಕಾಣುತ್ತಲೇ ಇತ್ತು. ಅಪ್ಪ ಹೋದರು, ಗಾಡಿ ಗುಜರಿಗೆ ಹೋಯಿತು. ಚಾಚಾ ಎಲ್ಲಿ ಮಣ್ಣಾದರೋ ಗೊತ್ತಿಲ್ಲ.

ಕಪನೂರಿನ ಮೆಕ್ಯಾನಿಕ್ ಕೆರೆಯುವುದು ಮುಗಿಸಿ, ‘ಚಾಲೂ ಮಾಡ್ರಿ’ ಎಂದ. ಗಾಡಿ ಒಂದೇ ಸಲಕ್ಕೆ ಎದ್ದಿತು. ನಾನು ಮಾತ್ರ ಚಾಚಾ ಕುಳಿತಿದ್ದಾರೇನೋ ಎಂಬಂತೆ ಹಿಂದಿನ ಸೀಟಿನ ಕಡೆಗೊಮ್ಮೆ ತಿರುಗಿ ನೋಡಿದೆ.