ನಿಲ್ಲದೆ ಓದಿದ ಟೀಚರಬಾಯಿ

ಬೆಳಿಗ್ಗೆ ಪೂಜೆ ಮುಗಿಸಿ, ಮಗಳ ನೆಗಡಿಗೆಂದು ಓಮ ಹುರಿದೆ. ಚೂರು ಕರ್ಪೂರ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿದೆ. ಮೂಗಿಗೆ ಹಿಡಿದದ್ದೇ ತಡ, ಟೀಚರಬಾಯಿ ಎದುರಿಗೆ ಬಂದು ಕೂತಂತಾಯಿತು. ಅವರ ಸೆರಗಿನ ತುದಿಯಲ್ಲಿ ಸದಾ ಇದೇ ಗಂಟು, ಇದೇ ವಾಸನೆ...

ನಾನು ಮದುವೆಯಾಗಿ ಯೆಣೆಗೂರಿಗೆ ಬಂದಾಗ ಹತ್ತನೆಯ ತರಗತಿಯ ಇಂಗ್ಲಿಷ್ ಒಂದು ಉಳಿದಿತ್ತು. ಮತ್ತೆ ಪರೀಕ್ಷೆಗೆ ಕೂತೆ, ಮತ್ತೆ ಹೋಯಿತು. "ಇಂಗ್ಲಿಷ್ ಕಲ್ತು ಆಕಳ ಜೋಡಿ ಮಾತಾಡಾಕಿ ಏನ?" ಎಂದು ಅತ್ತೆ ನಕ್ಕರು. ಇನ್ನೊಂದೇ ಸಲ ಎಂದು ಯಜಮಾನರು ಒಪ್ಪಿದರು. ಪಾಸಾಗಿಯೇ ತೀರಬೇಕು ಎಂದು ನಾನೂ ಹಟ ಹಿಡಿದೆ. ಶಿವನ ಮುಂದೆ ನಿಂತು, ಕಲಿಸುವವರೊಬ್ಬರನ್ನು ಕೊಡಪ್ಪ ಎಂದೆ. ನಿಲಂಗಾದ ಶಾಲೆಯಿಂದ ನಿವೃತ್ತರಾದ ಟೀಚರಬಾಯಿ ಪಕ್ಕದ ಮನೆಗೆ ಬಾಡಿಗೆಗೆ ಬಂದರು. ಕೊಟ್ಟನಲ್ಲ!

ನನಗೆ ವಾಕ್ಯ ನಿಲ್ಲಿಸಲು ಬರುತ್ತಿರಲಿಲ್ಲ. ನಮ್ಮ ಆಕಳು ದೇವಣಿ ತಳಿಯದು ಅದು ಹಾಲು ಕೊಡುತ್ತದೆ ನಾನು ಗುಡಿಗೆ ಹೋಗುತ್ತೇನೆ ಎಂದು ಇಂಗ್ಲಿಷಿನಲ್ಲಿ ಒಂದೇ ಸಮ ಬರೆದೊಯ್ದಿದ್ದೆ. ಟೀಚರಬಾಯಿಗೆ ದಮ್ಮಿನ ಕಾಯಿಲೆ ಇತ್ತು. ಆದರೂ ನಾನು ನಿಲ್ಲಿಸದ ಕಡೆ ತಾವೂ ನಿಲ್ಲಿಸದೆ, ಗಟ್ಟಿಯಾಗಿ ಓದಿದರು. "ಗುಡಿಗಿ ಹೋಗಾಕಿ ನೀನೋ, ಆಕಳೋ?" ಎಂದರು. ನಗುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು.

ಮರುದಿನ ನಡುನಡುವೆ ಕಾಮಾ ಹಾಕಿಕೊಂಡು ಹೋದೆ.

"ಬರೇ ಕಾಮಾ ಸಾಲಲ್ಲ ತಂಗಿ. ಆಕಳಿನ ಮಾತು ಮುಗೀತಾ? ಫುಲ್‌ಸ್ಟಾಪ್ ಹಾಕು. ಕೂಡಿಸ್ಬೇಕಂದ್ರ ಆ್ಯಂಡ್ ಇಡು, ಬಟ್ ಇಡು. ಉಸುರು ನೋಡಿ ವಾಕ್ಯ ಅಳತಿ ಮಾಡಬ್ಯಾಡ. ಯಾರು, ಏನ್ ಮಾಡಿದ್ರು, ಪೂರಾ ಆಯ್ತಾ, ಅಷ್ಟು ನೋಡು."

ಚಳಿ ಬಂತು, ಅವರ ದಮ್ಮು ಹೆಚ್ಚಿತು. "ಬ್ಯಾಡ್ರಿ ಟೀಚರ್, ಮನಸಿನಾಗ ಓದ್ಕೋರಿ" ಎಂದೆ.

"ಮನಸಿನಾಗ ಓದಿದ್ರ ನಿನಗ ಹ್ಯಾಂಗ ಕೇಳ್ತದ?"

ನನ್ನ ತಪ್ಪಿಗೆ ಅವರ ಎದೆ ಸುಯ್ಯೆನ್ನುವುದನ್ನು ನೋಡಲಾಗುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಒಂದೊಂದು ವಾಕ್ಯವನ್ನೂ ಬಾಯಲ್ಲಿ ಆಡಿ, ಯಾರು, ಏನು ಮಾಡಿದರು ಎಂದು ಕೇಳಿಕೊಂಡು, ಆಮೇಲೆ ಬರೆಯುತ್ತಿದ್ದೆ. ಒಂದು ಸಂಜೆ ಇಡೀ ಹಾಳೆ ಓದಿದರು. ಕೆಮ್ಮು ಬರಲಿಲ್ಲ. ಹಾಳೆ ನನ್ನ ಕೈಗಿಟ್ಟು, "ನಡಿ, ಇನ್ನ ಉಮರಗಾಕ್ಕ ಹೋಗಿ ಪರೀಕ್ಷಾ ಬರಿ" ಎಂದರು.

ಪಾಸಾದೆ, ಅಂಚಿನಲ್ಲೇ. ಓಣಿಗೆಲ್ಲ ಸಕ್ಕರೆ ಹಂಚಿದವರು ಅತ್ತೆಯೇ. "ಆಕಳಿಗೂ ಹೇಳಿ ಬಾ, ಇಂಗ್ಲಿಷಿನಾಗ" ಎಂದರು. ಟೀಚರಬಾಯಿ ಆ ಸಕ್ಕರೆ ಬಾಯಿಗೆ ಹಾಕಿಕೊಂಡರು... ಮುಂದಿನ ಚಳಿಗಾಲ ಅವರು ದಾಟಲಿಲ್ಲ. ನಾನು ಪಾಸಾದ ಸುದ್ದಿ ಕೇಳಿ ಹೋದರಲ್ಲ, ದೇವರು ಅಷ್ಟಾದರೂ ಕರುಣೆ ತೋರಿದ.

ಇವತ್ತು ಮಗಳು, ಮೂಗಿಗೆ ಗಂಟು ಹಿಡಿದುಕೊಂಡೇ, ಇಂಗ್ಲಿಷ್ ನಿಬಂಧ ತೋರಿಸಿದಳು. ಅರ್ಧ ಪುಟ, ಎಲ್ಲೂ ನಿಲುಗಡೆಯಿಲ್ಲ. ನಾನೂ ನಿಲ್ಲಿಸದೆ ಓದಿದೆ. "ಅವ್ವಾ, ಸಾಕು, ಉಸುರು ತಗೋ!" ಎಂದು ನಕ್ಕಳು. ನನ್ನ ಎದೆ ಗಟ್ಟಿಯಿದೆ, ಕೆಮ್ಮು ಎಲ್ಲಿಂದ ಬರಬೇಕು? ಅವಳೇ ಪೆನ್ನು ತೆಗೆದು ಮೊದಲ ವಾಕ್ಯಕ್ಕೊಂದು ಚುಕ್ಕಿ ಇಟ್ಟಳು. ಮತ್ತೆ ಓದಿದೆ. ಆ ಚುಕ್ಕಿಯ ಹತ್ತಿರ ನಿಂತೆ. ಉಸಿರು ತೆಗೆದುಕೊಂಡು ಮುಂದಕ್ಕೆ ಓದಿದೆ.