ಬಿರುಕು ಬಿಟ್ಟ ಬಳೆಯ ಸದ್ದು

ಬಲಗಿವಿಯ ಮೇಲಿನ ಮಡಿಕೆಯಲ್ಲಿ ಕಡಲೆಕಾಳಿನಷ್ಟು ಹತ್ತಿ, ಹತ್ತಿಗೆ ಅತ್ತರು. ಚಾಚಾ ಓಣಿಯೊಳಗೆ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಕಿವಿಗಳು ಅಗಲವಾಗಿ, ತಲೆಯಿಂದ ಸ್ವಲ್ಪ ದೂರ ನಿಂತ ಹಾಗಿದ್ದವು. ಅವುಗಳ ಅಂಚಿಗೆ ಬಿಳಿ ಕೂದಲು. ಸ್ಪೀಕರ್ ಪರೀಕ್ಷೆಗೆ ಕೂತರೆ ಅವರ ಮೊದಲ ಕೆಲಸ ಆ ಹತ್ತಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕುವುದು. "ಮೂಗು ಎಚ್ಚರ ಇದ್ರ ಕಿವಿ ತೂಕಡಸ್ತೈತಿ ಬೇಟಿ" ಎನ್ನುತ್ತಿದ್ದರು.

ರಾಣೆಬೆನ್ನೂರಿನಲ್ಲಿ ನಮ್ಮ ಮನೆಗೂ ಅವರ ಅಂಗಡಿಗೂ ಒಂದೇ ಗೋಡೆ. ಗೋಡೆಯ ಈಚೆ ನಾನು ಜೋಳದ ರೊಟ್ಟಿ ಬಡಿಯುತ್ತೇನೆ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ರೊಟ್ಟಿ ಬಡಿಯಲು ಪುರಸೊತ್ತಿಲ್ಲದ ಮನೆಗಳಿಗೆ ಕೊಡುವ ರೊಟ್ಟಿ. ಗೋಡೆಯ ಆಚೆ ಚಾಚಾ ರೇಡಿಯೋ ರಿಪೇರಿಯಿಂದ ಶುರು ಮಾಡಿ, ಟಿವಿ ರಿಪೇರಿಗೆ ಬಂದು, ಕಡೆಗೆ ಹೋಮ್ ಥಿಯೇಟರ್ ಕೂಡಿಸಿಕೊಡುವವರಾಗಿದ್ದರು. ಈಗ ಮನೆ ಕಟ್ಟಿಸಿದವರೆಲ್ಲ ಹಾಲ್‌ನಲ್ಲಿ ಒಂದು ಗೋಡೆಯನ್ನು ಟಿವಿಗೆಂದೇ ಬಿಡುತ್ತಾರಲ್ಲ, ಆ ಗೋಡೆಗೆ ದನಿ ಕೊಡುವುದು ಅವರ ಕೆಲಸ.

ನನ್ನ ರೊಟ್ಟಿಯ ಸದ್ದು ದಿನಾ ಅವರ ಅಂಗಡಿಗೆ ಹೋಗುತ್ತಿತ್ತು. ತೊಂದರೆಯಾಗುತ್ತದೇನೋ ಎಂದು ಒಮ್ಮೆ ಕೇಳಿದ್ದೆ. "ಎಲ್ಲೀ ತೊಂದ್ರಿ? ನಿಮ್ಮ ಕೈ ನಿಂತ್ರ ನನಗ ಊಟದ ಹೊತ್ತು ಗೊತ್ತಾಗ್ತೈತಿ" ಎಂದಿದ್ದರು. ಅದಾದ ಕೆಲವು ದಿನಕ್ಕೆ ನಾನು ಬಡಿಯುತ್ತಿದ್ದಾಗ ಗೋಡೆಯ ಮೇಲೆ ಎರಡು ಸಲ ಟಕ್ ಟಕ್ ಎಂದಿತು. ಹೊರಗೆ ಬಂದು ನೋಡಿದರೆ ಚಾಚಾ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾರೆ.

"ಬೇಟಿ, ಹಿಟ್ಟು ಹಳೇದೈತೇನು ಇವತ್ತ?"

ನನಗೆ ನಾಚಿಕೆಯಾಯಿತು. ಬೀಸಿಸಿ ಬಹಳ ದಿನವಾದ ಹಿಟ್ಟು, ಜಿಗಿ ಹೋಗಿತ್ತು. ಅಂಚು ಬಿರಿಯುತ್ತಿತ್ತು, ನಾನು ಒತ್ತಿ ಒತ್ತಿ ಕೂಡಿಸುತ್ತಿದ್ದೆ. "ನಿಮಗ ಹೆಂಗ ಗೊತ್ತಾತು ಚಾಚಾ?"

"ಹಸನಾದ ಹಿಟ್ಟು ಕಲ್ಲಿನ ಮ್ಯಾಲ ಓಡ್ತೈತಿ. ಇದು ಕುಂಟಾಕತ್ತೈತಿ."

ಅಂದಿನಿಂದ ಗೋಡೆ ಎರಡು ಸಲ ಬಡಿದರೆ ನಾನು ಹಿಟ್ಟಿನ ಡಬ್ಬಿಯನ್ನೇ ಬದಲಿಸುತ್ತಿದ್ದೆ. ಖಾನಾವಳಿಯವರು ಒಂದು ದಿನವೂ ದೂರು ಹೇಳಲಿಲ್ಲ. ಅದರ ಪುಣ್ಯ ಅರ್ಧ ಆ ಗೋಡೆಗೆ ಸೇರಬೇಕು.

ಅವರ ಹತ್ತಿರ ಒಂದು ತಗಡಿನ ಬಿಸ್ಕತ್ ಡಬ್ಬಿಯಿತ್ತು. ಅದರಲ್ಲಿ ಹಳೆಯ ಸಿಡಿಗಳು, ದಾರ ಕಟ್ಟಿದ ಪೆನ್‌ಡ್ರೈವ್‌ಗಳು. ಪರೀಕ್ಷೆಗೆ ಯಾವ ಸಿನಿಮಾ, ಯಾವ ಹಾಡು ಎಂಬುದನ್ನು ವರ್ಷಗಟ್ಟಲೆ ಆರಿಸಿ ಆರಿಸಿ ಇಟ್ಟಿದ್ದರು. ಗಿರಾಕಿಗಳು ಬಂದ ಕೂಡಲೇ "ಫೈಟಿಂಗ್ ಹಾಕ್ರಿ ಚಾಚಾ, ಮನಿ ನಡಗಬೇಕು" ಎನ್ನುವರು. ಚಾಚಾ ಮಾತ್ರ ಮೊದಲು ಹಾಕುತ್ತಿದ್ದುದು ಯಾರೂ ಮಾತಾಡದ ಒಂದು ದೃಶ್ಯ. ಒಬ್ಬ ಹೆಂಗಸು ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಾಳೆ, ಅಷ್ಟೆ. "ಮೊದಲ ಸುಮ್ಮನಿರೂದು ಕೇಳ್ರಿ. ಅದರಾಗ ಗುಂಯ್ ಅಂತ ಬಂದ್ರ ಮಷೀನು ಸುಳ್ಳ ಹೇಳಾಕತ್ತೈತಿ ಅಂತ ತಿಳೀರಿ." ಆಮೇಲೆ ಓಡುವ ಬಸ್ಸಿನಲ್ಲಿ ಗಂಡ ಹೆಂಡತಿ ಮೆಲ್ಲಗೆ ಜಗಳಾಡುವ ದೃಶ್ಯ. ಬಸ್ಸಿನ ಗದ್ದಲದಲ್ಲೂ ಹೆಂಡತಿಯ ಪಿಸುಮಾತು ತಿಳಿಯಬೇಕು. ಆಮೇಲೆ ಏಕತಾರಿ ಹಿಡಿದ ಮುದುಕನೊಬ್ಬನ ತತ್ವಪದ. ಅದರ ಬೆನ್ನಿಗೆ ಚಪ್ಪಾಳೆ ತುಂಬಿದ ಒಂದು ಕವ್ವಾಲಿ. ಫೈಟಿಂಗು ಕಟ್ಟಕಡೆಗೆ. "ಇದು ಪರೀಕ್ಷಾ ಅಲ್ಲ, ನಿಮ್ಮ ಖುಷಿಗೆ."

ಒಂದು ದಿನ ಮಧ್ಯಾಹ್ನ ಚಾಚಾ ಕೈಯಲ್ಲಿ ರೆಕಾರ್ಡರ್ ಹಿಡಿದು ನಮ್ಮ ಬಾಗಿಲಿಗೆ ಬಂದರು. "ನಿಮ್ಮ ರೊಟ್ಟಿ ನನಗ ಬೇಕು. ತಿನ್ನಾಕಲ್ಲ, ಕೇಳಾಕ."

"ಚಾಚಾ, ಚೇಷ್ಟಿ ಮಾಡಬ್ಯಾಡ್ರಿ."

"ಖರೇನ ಹೇಳಾಕತ್ತೇನಿ. ಸಿನಿಮಾದಾಗ ಬಾಂಬ್ ಒಡಿತೈತಿ. ಇವರೇನು ಖರೇ ಬಾಂಬ್ ಕೇಳ್ಯಾರೇನು? ಹೆಂಗ ಬಂದ್ರೂ ಭಾರೀ ಬಂತು ಅಂತಾರ. ರೊಟ್ಟಿ ಸಪ್ಪಳ ಈ ಕಡೆ ಮಂದಿಗೆ ಹುಟ್ಟಿದಾಗಿಂದ ಗೊತ್ತು. ಅಲ್ಲಿ ಮೋಸ ನಡ್ಯಂಗಿಲ್ಲ. ಮತ್ತ ಒಂದು ರೊಟ್ಟ್ಯಾಗ ಮೂರೂ ಥರದ ದನಿ ಅದಾವು. ಕಲ್ಲಿನ ದಪ್ಪ ಸಪ್ಪಳ, ಅಂಗೈಯ ನಡುವಿನ ಸಪ್ಪಳ, ಮ್ಯಾಲ ನಿಮ್ಮ ಬಳಿ ಸಪ್ಪಳ."

ಮರುದಿನ ನಾನು ಇಸ್ತ್ರಿಯ ಸೀರೆ ಉಟ್ಟೆ, ಕೈ ತುಂಬ ಹೊಸ ಬಳೆ ಹಾಕಿಕೊಂಡೆ, ಮೆತ್ತಗೆ ತಾಳ ಹಿಡಿದು ಬಡಿದೆ. ಚಾಚಾ ಅರ್ಧಕ್ಕೇ ರೆಕಾರ್ಡರ್ ನಿಲ್ಲಿಸಿದರು. "ಇದು ರೊಟ್ಟಿ ಅಲ್ಲ ಬೇಟಿ, ಕೈ ತೋರಿಸಾಕ ಕುಂತಂಗಾತು. ಇದನ್ನ ಇಲ್ಲೇ ಹಿಟ್ಟಿನ ಡಬ್ಬಿ ಹಿಂದ ಇಟ್ಟು ಹೋಗ್ತೇನಿ. ಐತಿ ಅನ್ನೂದು ಮರತುಬಿಡ್ರಿ" ಎಂದು ಹೇಳಿ ಹೋದರು. ನಾನೂ ಮರೆತೆ. ಎಷ್ಟು ಮರೆತೆನೆಂದರೆ, ಬಡಿಯುತ್ತ ಬಡಿಯುತ್ತಲೇ ಹಾಲಿನ ಪಾತ್ರೆಗೆ ಬಂದ ಬೆಕ್ಕನ್ನು "ಹಚಾ! ನಿನ್ನ ಬಾಯಿಗೆ ಮಣ್ಣ ಹಾಕ!" ಎಂದು ಗದರಿಸಿದ್ದೂ ಅದರಲ್ಲಿ ಸೇರಿತು. ತೆಗೆದುಬಿಡಿ ಎಂದು ಎಷ್ಟು ಬೇಡಿಕೊಂಡರೂ ಚಾಚಾ ತೆಗೆಯಲಿಲ್ಲ. "ಬೆಕ್ಕ ಐತಿ ಅಂತನ ಮಂದಿ ನಂಬ್ತಾರ." ಹಾಗಾಗಿ ಈ ಕಡೆಯ ಎಷ್ಟೋ ಮನೆಗಳ ಹಾಲ್‌ನಲ್ಲಿ ನಾನು ಬೆಕ್ಕಿಗೆ ಬೈದಿದ್ದೇನೆ.

ಆ ರೆಕಾರ್ಡನ್ನು ಮೊದಲ ಸಲ ಅಂಗಡಿಯಲ್ಲಿ ಹಾಕಿದಾಗ ಚಾಚಾ ಕಣ್ಣು ಮುಚ್ಚಿ ಕೇಳಿ, "ಎಡಗೈಯಾಗ ಒಂದು ಬಳಿ ಬಿರದೈತಿ. ತಗೀರಿ, ಚುಚ್ಚೀತು" ಎಂದರು. ಬಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕನೆಯದರಲ್ಲಿ ಕೂದಲೆಳೆಯಷ್ಟು ಬಿರುಕು. ಅಂಥ ಕಿವಿ ಅದು.

ಆ ಕಿವಿಯೇ ಕೈಕೊಟ್ಟದ್ದು ಎರಡು ವರ್ಷದ ಹಿಂದೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಹೊಸ ಮನೆಗೆ ದೊಡ್ಡ ಹೋಮ್ ಥಿಯೇಟರ್ ಬೇಕೆಂದಿದ್ದರು. ಚಾಚಾ ತರಿಸಿದ ಸ್ಪೀಕರ್‌ಗಳನ್ನು ಅಂಗಡಿಯಲ್ಲಿ ಜೋಡಿಸಿ ನನ್ನ ರೊಟ್ಟಿ ಹಾಕಿದರೆ, ಬಳೆಯ ಸದ್ದೇ ಇಲ್ಲವಂತೆ. ಸಣ್ಣ ದನಿಗೆಂದು ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಪುಟ್ಟ ಸ್ಪೀಕರ್ ಇರುತ್ತದೆ, ಟ್ವೀಟರ್ ಎನ್ನುತ್ತಾರೆ. ಅದು ಕೆಟ್ಟಿದೆಯೆಂದು ವಾಪಸು ಕಳಿಸಿದರು. ಬೇರೆಯದು ಬಂತು, ಅದನ್ನೂ ಕಳಿಸಿದರು. ಮಾರಿದವನು ಫೋನಿನಲ್ಲಿ, "ಚಾಚಾ, ಎರಡೂ ಛಲೋ ಅದಾವಲ್ರಿ" ಎಂದನಂತೆ. ಮೂರನೆಯದು ಬಂದ ದಿನ ಗೋಡೆ ಎರಡು ಸಲ ಬಡಿಯಿತು. ಹಿಟ್ಟು ಹೊಸದು. ಏನೆಂದು ನೋಡಲು ಹೋದೆ.

"ಕೇಳ್ರಿ. ಬಳಿ ಬರಾಕತ್ತಾವೇನು?"

ಝಿಣ್ ಝಿಣ್ ಎಂದು ಬರುತ್ತಿದ್ದವು. ನನ್ನ ಕೈಯಲ್ಲೇ ಇದ್ದಷ್ಟು ಹತ್ತಿರ. ಅವರು ನನ್ನ ಮುಖ ನೋಡಿದರು. "ಖರೇ ಹೇಳ್ರಿ ಬೇಟಿ."

"ಬರಾಕತ್ತಾವ ಚಾಚಾ."

"ಕೈ ಅಲ್ಲಾಡಸ್ರಿ."

ಅವರ ಕಿವಿಯ ಹತ್ತಿರ ಕೈ ಅಲ್ಲಾಡಿಸಿದೆ. ಅವರು ನನ್ನ ಮಣಿಕಟ್ಟನ್ನೇ ದಿಟ್ಟಿಸಿದರು. "ಕಣ್ಣಿಗೆ ಕಾಣಾಕತ್ತೈತಿ" ಎಂದು ನಕ್ಕರು. ನಗು ಪೂರ್ತಿಯಾಗಲಿಲ್ಲ. ಹರೆಯದಲ್ಲಿ ಮದುವೆ ಚಪ್ಪರಗಳ ಧ್ವನಿವರ್ಧಕದ ಕೆಳಗೇ ಮಲಗಿ ಎದ್ದವರು, ಅದು ಈಗ ಲೆಕ್ಕ ಕೇಳಿತ್ತು. ದಪ್ಪ ದನಿ, ಮಾತು, ರೊಟ್ಟಿ ಎಲ್ಲ ಕೇಳುತ್ತಿತ್ತು. ಮೇಲಿನ ತೆಳು ದನಿ ಮಾತ್ರ ಹೋಗಿತ್ತು.

"ಅಂಗಡಿ ಬಂದ್ ಮಾಡೂದ ಛಲೋ" ಎಂದರು. "ಕೇಳದಿದ್ದದ್ದನ್ನ ಕೇಳ್ತೈತಿ ಅಂತ ಹೇಳಿ ನಾ ಮಾರಂಗಿಲ್ಲ. ಬ್ಯಾಡಗಿದು ಒಪ್ಪಿಕೊಂಡೇನಿ, ಅದೊಂದು ಮುಗಸ್ತೇನಿ. ನೀವು ಬರ್ರಿ. ಬಳಿ ಬಂದ್ರ ಹೂಂ ಅಂತ ಗೋಣ ಹಾಕ್ರಿ, ಅಷ್ಟ ಸಾಕು."

ಮನೆಯವರಿಗೆ ಹೇಳಿದರೆ, "ಹೋಗು ಹೋಗು. ನಿನ್ನ ರೊಟ್ಟಿಗಿಂತ ಅದರ ಸಪ್ಪಳಕ್ಕ ಮಾನ ಜಾಸ್ತಿ ಬಂದೈತಿ" ಎಂದರು.

ರೈಲಿನಲ್ಲಿ ಹೋದೆವು. ಚಾಚಾ ಬಿಸ್ಕತ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಸುಮ್ಮನಿದ್ದರು. ಅವರು ಹಾಗೆ ಸುಮ್ಮನಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ. ಬ್ಯಾಡಗಿ ನಿಲ್ದಾಣದಲ್ಲಿ ಇಳಿದ ಕೂಡಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ಹಂಗಾಮು ಜೋರಾಗಿತ್ತು. ವ್ಯಾಪಾರಿಯ ಮನೆ ಮಾರುಕಟ್ಟೆಯ ಹತ್ತಿರವೇ. ಹಾಲ್‌ನಲ್ಲಿ ವ್ಯಾಪಾರಿ, ಅವರ ತಮ್ಮಂದಿರು, ಗೆಳೆಯರು ಎಲ್ಲ ಸಾಲಾಗಿ ಕೂತಿದ್ದರು.

"ಚಾಚಾ, ಫೈಟಿಂಗ್ ಹಾಕ್ರಿ!"

"ಹಾಕೂನು. ಮೊದಲ ಸುಮ್ಮನಿರೂದು ಕೇಳ್ರಿ." ಚಾಚಾ ಅತ್ತರಿನ ಹತ್ತಿಯನ್ನು ಜೇಬಿಗೆ ಹಾಕಿ ಕಿಟಕಿಯ ಹೆಂಗಸಿನ ದೃಶ್ಯ ಹಾಕಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಅಕ್ಷೀ! ತಮ್ಮನೊಬ್ಬ ಸೀನಿದ. ಮತ್ತೆ ಮೊದಲಿನಿಂದ ಹಾಕಿದರು. ವ್ಯಾಪಾರಿಯೇ ಸೀನಿದರು. ಮೂರನೆಯ ಸಲ ನಾನು. ನಾಲ್ಕನೆಯ ಸಲಕ್ಕೆ ಚಾಚಾ ತಾವೇ ಸೀನಿ, "ಬ್ಯಾಡಗ್ಯಾಗ ಈ ಪರೀಕ್ಷಾ ಪಾಸಾಗಂಗಿಲ್ಲ ಬಿಡ್ರಿ" ಎಂದು ಕೈಚೆಲ್ಲಿದರು. ಹಾಲ್ ತುಂಬ ನಗು. ಬಸ್ಸಿನ ಜಗಳ, ತತ್ವಪದ, ಕವ್ವಾಲಿ ಎಲ್ಲ ಚೆನ್ನಾಗಿ ಬಂದವು. ಉಳಿದದ್ದು ರೊಟ್ಟಿ.

ದಪ್ ದಪ್ ಎಂದು ಶುರುವಾಯಿತು. ಚಾಚಾ ಸ್ಪೀಕರ್ ನೋಡಲಿಲ್ಲ, ನನ್ನನ್ನು ನೋಡಿದರು. ಬಳೆ ಬಂತು, ಚೊಕ್ಕವಾಗಿ ಬಂತು. ನಾನು ತಲೆಯಾಡಿಸಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಕೋಲಿನ ಸದ್ದು, ಅದರ ಹಿಂದೆ ಒಂದು ಗದರುವ ದನಿ.

"ಯಾರವ್ವಾ ಅಕಿ, ನನ್ನ ಕೇಳದ ಅಡಗಿಮನಿ ಹೊಕ್ಕಾಕಿ?"

ವ್ಯಾಪಾರಿಯ ತಾಯಿ. ಎಂಬತ್ತು ದಾಟಿದವರು. ಕಣ್ಣು ಮಂಜಾಗಿತ್ತು. ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ಹಾಲ್‌ಗೆ ಬಂದಿದ್ದರು. ಸರಿಯಾಗಿ ಆಗಲೇ ನನ್ನ "ಹಚಾ!" ಬಂತು.

"ಮತ್ತ ಬೆಕ್ಕನ್ನೂ ತಂದಾಳ! ಏನವ್ವಾ, ಹಾಲ್‌ನಾಗ ಕುಂತು ರೊಟ್ಟಿ ಬಡೀತಿಯೇನ? ಹಂಚೆಲ್ಲಿ ಇಟ್ಟೀದಿ?"

"ಅವ್ವಾ, ಅದು ಟಿವಿ" ಎಂದರು ವ್ಯಾಪಾರಿ, ನಗು ತಡೆಯಲಾಗದೆ.

"ನನಗ ಹುಚ್ಚು ಹಿಡದೈತೇನ? ಟಿವ್ಯಾಗಿನ ಬಳಿ ಹಿಂಗ ಸಪ್ಪಳ ಮಾಡ್ತಾವೇನ? ಅಕಿ ಕೈಯಾಗ ಒಂದು ಬಳಿ ಬಿರದೈತಿ. ತಗೀ ಅನ್ರಿ, ಕೈಗೆ ಹತ್ತೀತು."

ಚಾಚಾ ಎದ್ದು ನಿಂತುಬಿಟ್ಟರು. ರೆಕಾರ್ಡ್ ನಿಲ್ಲಿಸಲೂ ಮರೆತರು. ಅಜ್ಜಿಯ ಎದುರು ಹೋಗಿ, ಎರಡೂ ಕೈ ಮುಗಿದು, "ಅಮ್ಮಾರ, ಇನ್ನೊಮ್ಮೆ ಹೇಳ್ರಿ" ಎಂದರು.

"ಏನ ಹೇಳ್ಲೆಪಾ?"

"ಬಳಿದು."

"ಒಂದು ಬಳಿ ಬಿರದೈತಿ ಅಂದೆ. ನಿನಗ ಕೇಳವಲ್ದೇನು?"

"ಇಲ್ಲ ಅಮ್ಮಾರ. ನನಗ ಕೇಳವಲ್ದು." ಎಲ್ಲರ ಮುಂದೆಯೇ ಹೇಳಿದರು. ವ್ಯಾಪಾರಿಯ ಕಡೆ ತಿರುಗಿ, "ಮೊದಲ ಹೇಳಬೇಕಿತ್ರಿ. ನನಗ ಸಣ್ಣ ದನಿ ಕೇಳೂದು ನಿಂತೈತಿ. ಈ ಬೇಟಿನ್ನ ಕಿವಿ ಅಂತ ಕರಕೊಂಡು ಬಂದೇನಿ. ಆದ್ರ ನಿಮ್ಮ ಮನ್ಯಾಗ ನಮ್ಮಿಬ್ಬರಿಗಿಂತ ಛಲೋ ಕಿವಿ ಐತಿ. ಅಮ್ಮಾರು ಹೂಂ ಅಂದ್ರ ಇಟ್ಟಕೋರಿ, ಇಲ್ಲಾಂದ್ರ ನಾಳೇನ ಒಯ್ತೇನಿ" ಎಂದರು.

ವ್ಯಾಪಾರಿ ಹೊಟ್ಟೆ ಹಿಡಿದು ನಕ್ಕರು. "ಚಾಚಾ, ಈ ಮನ್ಯಾಗ ಎಲ್ಲಾದಕ್ಕೂ ಅವ್ವನ ಕಿವಿನ ಕೋರ್ಟು. ನಾ ಗೇಟಿನಾಗ ಚಪ್ಪಲಿ ಬಿಟ್ಟ ಸಪ್ಪಳಕ್ಕ ಅವತ್ತಿನ ವ್ಯಾಪಾರ ಹೆಂಗಾಗೈತಿ ಅಂತ ಹೇಳ್ತಾಳ."

ಅಜ್ಜಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಇಡೀ ರೆಕಾರ್ಡು ಮತ್ತೆ ಮೊದಲಿನಿಂದ ನಡೆಯಿತು. ಮುಗಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು ಬಳೆ ತಡವಿ ನೋಡಿ, "ಈಗ ಎಲ್ಲಾ ಛಲೋ ಅದಾವು" ಎಂದರು. ಆಮೇಲೆ ಫೈಟಿಂಗ್ ಹಾಕಿದಾಗ ಎರಡೇ ನಿಮಿಷಕ್ಕೆ, "ಇದೇನು ಗದ್ಲ, ಆರಸ್ರಿ. ಆ ಬೆಕ್ಕಿಂದು ಹಚ್ರಿ" ಎಂದರು.

ವಾಪಸು ಬರುವಾಗ ರೈಲಿನಲ್ಲಿ ಚಾಚಾ ಮಾತು ನಿಲ್ಲಿಸಲಿಲ್ಲ. ಅಜ್ಜಿ ಹೇಳಿದ್ದನ್ನು ಎದುರಿಗೆ ಕೂತ ಅಪರಿಚಿತರಿಗೂ ಹೇಳಿದರು. ಇಳಿಯುವ ಮುಂಚೆ ಜೇಬಿನಿಂದ ಹತ್ತಿ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, "ಬಂದ್ ಮಾಡಂಗಿಲ್ಲ ಬೇಟಿ" ಎಂದರು.

ಅಲ್ಲಿಂದ ಮುಂದೆ ಅವರ ಪದ್ಧತಿಯೇ ಬೇರೆಯಾಯಿತು. ಯಾವ ಮನೆಗೆ ಹೋದರೂ ಮೊದಲು, "ನಿಮ್ಮ ಮನ್ಯಾಗ ಕಿವಿ ಯಾರದು ಚುರುಕು?" ಎಂದು ಕೇಳುವರು. ಬಹಳ ಮನೆಗಳಲ್ಲಿ ಅದು ಹಣ ಕೊಡುವ ಯಜಮಾನರದಾಗಿರುತ್ತಿರಲಿಲ್ಲ. "ಮಾಲಕರು ಬಾಜೂಕ ಕುಂದ್ರಿ" ಎಂದು ಅವರನ್ನು ಸರಿಸಿ, ಸೊಸೆಯನ್ನೋ ಮುದುಕಿಯನ್ನೋ ನಡುವೆ ಕೂರಿಸುವರು. ಮೇಡ್ಲೇರಿಯಲ್ಲಿ ಒಬ್ಬ ರೈತನ ಹೆಂಡತಿ ಸಿನಿಮಾದ ಹೊಳೆಯ ಸದ್ದು ಕೇಳಿ, "ಎಡಗಡೆ ನೀರು ಕಮ್ಮಿ ಹರ್ಯಾಕತ್ತೈತಿ" ಎಂದಳಂತೆ. ಬಿಚ್ಚಿ ನೋಡಿದರೆ ಎಡಗಡೆಯ ವೈರು ಸಡಿಲ. ಅದನ್ನು ನನಗೆ ಹೇಳುವಾಗ ಚಾಚಾ ತಾವೇ ಕಂಡುಹಿಡಿದವರಂತೆ ಹಿಗ್ಗಿದ್ದರು. ಆ ಅಂಗಡಿಯಲ್ಲಿ ತಮ್ಮ ಕೊರತೆಯನ್ನು ಅವರು ಬಚ್ಚಿಡಲಿಲ್ಲ, ಗಿರಾಕಿಗಳೂ ಕಡಿಮೆಯಾಗಲಿಲ್ಲ.

ಕಳೆದ ಹಂಗಾಮಿನಲ್ಲಿ ಚಾಚಾ ಹೋದರು. ಬೆಳಗಿನ ಚಹಾ ಕುಡಿದು, ಸ್ವಲ್ಪ ಒರಗುತ್ತೇನೆಂದು ಒರಗಿದವರು ಏಳಲಿಲ್ಲ. ಬ್ಯಾಡಗಿಯ ವ್ಯಾಪಾರಿ ಬಂದಿದ್ದರು. ಅವರ ಅಂಗಿಯಿಂದ ಮೆಣಸಿನಕಾಯಿಯ ಘಾಟು ಬಂದು ನಾಲ್ಕಾರು ಜನ ಅಳುತ್ತಲೇ ಸೀನಿದರು. ಚಾಚಾ ಇದ್ದಿದ್ದರೆ ನಗುತ್ತಿದ್ದರು. ನನ್ನ ಪಾಲಿಗೆ ಬಿಟ್ಟುಹೋದದ್ದೇನೆಂದು ಕೇಳಿದರೆ, ನನ್ನದೇ ಕೈಯ ಸದ್ದು. ಇಷ್ಟು ವರ್ಷ ಬಡಿದರೂ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಅದು ಕೇಳುವಂಥದ್ದು ಎಂದು ಅವರೇ ತಿಳಿಸಿದರು.

ಅಂಗಡಿಯನ್ನು ಈಗ ಅವರ ಮಗಳು ನೋಡಿಕೊಳ್ಳುತ್ತಾಳೆ. ಬಿಸ್ಕತ್ ಡಬ್ಬಿ ಅದೇ. ಕೆಲವು ದಿನ ಗೋಡೆಯ ಆಚೆ ನನ್ನ ಹಳೆಯ ರೊಟ್ಟಿ, ಈಚೆ ಹೊಸ ರೊಟ್ಟಿ, ಎರಡೂ ಒಟ್ಟಿಗೆ ನಡೆಯುತ್ತವೆ.

ಮೊನ್ನೆ ಮೈ ಸರಿಯಿರಲಿಲ್ಲ. ಬೀಸಿಸಲು ಹೋಗದೆ, ಡಬ್ಬಿಯ ತಳದ ಹಿಟ್ಟನ್ನೇ ನಾದಿ ಬಡಿಯುತ್ತಿದ್ದೆ. ಗೋಡೆಯ ಮೇಲೆ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ಕೈ ಅಲ್ಲೇ ನಿಂತಿತು.

"ಅಕ್ಕಾ," ಆಚೆಯಿಂದ ಮಗಳ ದನಿ, "ಕುಂಟಾಕತ್ತೈತಿ!"

ಕಣ್ಣೊರೆಸಿಕೊಂಡು, ನಗುತ್ತ, ಹೊಸ ಹಿಟ್ಟು ತರಲು ಎದ್ದೆ.